ಲೈನಿನವರು ಬರೆದ ನನ್ನ ಪರೀಕ್ಷೆ

ನಮ್ಮ ಅಂಗಡಿಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಒಂದು ಕಬ್ಬಿಣದ ಕೊಳವೆ ಇತ್ತು. ಒಂದು ಗೇಣುದ್ದ, ಒಂದು ತುದಿ ಚೂಪು, ಉದ್ದಕ್ಕೂ ಸೀಳಿದ ಹೊಟ್ಟೆ, ಇನ್ನೊಂದು ತುದಿಗೆ ಅಪ್ಪಾಜಿಯ ಅಂಗೈ ಉಜ್ಜಿ ಉಜ್ಜಿ ನುಣುಪಾದ ಮರದ ಹಿಡಿ. ಸಕಲೇಶಪುರದ ಪೇಟೆಯಲ್ಲಿ ಮೆಣಸು, ಏಲಕ್ಕಿ, ಆಮೇಲಾಮೇಲೆ ಕಾಫಿಯನ್ನೂ ಕೊಳ್ಳುತ್ತಿದ್ದ ಅಪ್ಪಾಜಿ, ಮೂಟೆ ಬಂದು ಇಳಿದರೆ ಅದರ ಬಾಯಿ ಬಿಚ್ಚಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ; ಕೊಳವೆಯನ್ನು ಗೋಣಿಯ ಪಕ್ಕೆಗೆ ಸರಕ್ಕನೆ ಚುಚ್ಚಿ, ಒಳಗಿನಿಂದ ಜಾರಿ ಬಂದ ಹಿಡಿ ಕಾಳನ್ನು ಅಂಗೈ ಮೇಲೆ ಹರಡಿ, ಒಂದು ಕಣ್ಣು ಮುಚ್ಚಿ ನೋಡಿ, ಇಡೀ ಮೂಟೆಯ ಜಾತಕ ಹೇಳಿಬಿಡುತ್ತಿದ್ದರು. ತಂದವನು ಎಷ್ಟೇ ಆಣೆ ಪ್ರಮಾಣ ಮಾಡಲಿ, ಅಪ್ಪಾಜಿ ಆ ಹಿಡಿ ಕಾಳಿನ ಮಾತನ್ನೇ ನಂಬುತ್ತಿದ್ದರು.

ಓದುಗ ಮಿತ್ರರೇ, ಹತ್ತು ಹನ್ನೆರಡು ವರ್ಷಗಳಿಂದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವಳು ನಾನು. ಅದರಲ್ಲೂ ಯಾರಿಗೂ ಬೇಡವಾದ ‘ಸಂಖ್ಯಾಶಾಸ್ತ್ರೀಯ ವಿಧಾನಗಳು’ ಎಂಬ ಪತ್ರಿಕೆಯನ್ನು ಪ್ರತಿವರ್ಷ ತಾನಾಗಿ ಕೇಳಿ ಪಡೆದುಕೊಳ್ಳುವವಳು. ಈ ಹುಚ್ಚು ನಿಮಗೆಲ್ಲಿ ಹತ್ತಿತು ಎಂದು ಸಹೋದ್ಯೋಗಿಗಳು ಕೇಳಿದರೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಹೆಸರು ಹೇಳಿ ಗಂಭೀರವಾಗಿ ಕೂರಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಆದರೆ ನಗು ತಡೆಯಲಾಗುವುದಿಲ್ಲ. ನೂರು ಮೂಟೆಯನ್ನು ತಿಳಿಯಲು ನೂರನ್ನೂ ಸುರುವಿ ನೋಡಬೇಕಾಗಿಲ್ಲ, ಸರಿಯಾದ ಜಾಗಕ್ಕೆ ಚುಚ್ಚಿದರೆ ಹಿಡಿ ಕಾಳು ಸಾಕು ಎಂಬ ಪರಮ ರಹಸ್ಯವನ್ನು ನಾನು ಲಂಗ ತೊಟ್ಟ ವಯಸ್ಸಿನಲ್ಲೇ, ಮೆಣಸಿನ ಘಾಟಿಗೆ ಸೀನುತ್ತ, ಗೋಣಿಯ ಮೇಲೆ ಕೂತು ಕಲಿತುಬಿಟ್ಟಿದ್ದೆ. ಮುಂದೆ ಅದನ್ನೇ ದಪ್ಪ ಪುಸ್ತಕಗಳಲ್ಲಿ ಗ್ರೀಕ್ ಅಕ್ಷರಗಳ ಸಮೇತ ಕಂಡಾಗ ತವರಿನವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಷ್ಟು ಸಂತೋಷವಾಯಿತು.

ಆದರೆ ಆ ಕಾಲಕ್ಕೆ ನಮ್ಮ ವಿಭಾಗದಲ್ಲಿ ರಾಜ್ಯಶಾಸ್ತ್ರವೆಂದರೆ ಸಾರ್ವಭೌಮತ್ವ, ಸಾಮಾಜಿಕ ಒಪ್ಪಂದ, ಸಂವಿಧಾನದ ವಿಧಿಗಳು. ಕ್ಯಾಲ್ಕುಲೇಟರ್ ಹಿಡಿದು ಬಂದವಳನ್ನು ಕಂಡು ಹಿರಿಯರು ಹುಬ್ಬೇರಿಸುತ್ತಿದ್ದರು. ನನಗೋ ‘ಕೈ ವರ್ಗ’, ಅಂದರೆ ಇಂಗ್ಲಿಷಿನವರ ಕೈ-ಸ್ಕ್ವೇರ್, ಎಂಬ ಪರೀಕ್ಷೆಯ ಮೇಲೆ ಮೋಹವೇ ಹುಟ್ಟಿತ್ತು. ನೀವು ಕಂಡದ್ದು ನಿಜಕ್ಕೂ ಇದೆಯೋ, ಇಲ್ಲಾ ಸುಮ್ಮನೆ ಕಾಕತಾಳೀಯವೋ ಎಂದು ಹೇಳುವ ಲೆಕ್ಕ ಅದು. ಬಾಳಿನಲ್ಲಿ ಇದಕ್ಕಿಂತ ಬೇಕಾದ ಪರೀಕ್ಷೆ ಇನ್ನೊಂದು ಉಂಟೇ ಎಂದು ನಾನು ಹಾಸ್ಟೆಲಿನಲ್ಲಿ ಸಿಕ್ಕಸಿಕ್ಕವರ ಮುಂದೆ ಭಾಷಣ ಮಾಡಿ, ಅವರ ಊಟ ಆರಿಹೋಗುವಂತೆ ಮಾಡುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಪಿಎಚ್‌ಡಿಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯ ಕಾಫಿ ತೋಟದ ಕೂಲಿಕಾರರ ಮತದಾನ. ಅವರು ಓಟು ಹಾಕುವುದು ಯಾರ ಮಾತು ಕೇಳಿ? ತೋಟದ ಸಾಹುಕಾರರದೋ, ಜಾತಿಯ ಮುಖಂಡರದೋ, ಮನೆ ಯಜಮಾನನದೋ, ಇಲ್ಲಾ ತಮ್ಮದೇ ತೀರ್ಮಾನವೋ? ಹಳೆಯ ಪುಸ್ತಕಗಳೆಲ್ಲ ‘ಧಣಿ ಹೇಳಿದ ಕಡೆಗೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದವು. ನಾನು ಹೋಗಿ ಕೇಳಿಯೇ ಬರುತ್ತೇನೆಂದು ಹೊರಟೆ. ಹಾಸನದಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಮಾಡಿಕೊಂಡೇ ಓದಬೇಕಾಗಿದ್ದರಿಂದ ವರ್ಷಗಳು ಜಾರಿ, ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡು, ಇನ್ನು ಮೂರನೆಯದು ಇಲ್ಲ ಎಂಬ ಕಾಗದ ಕೈಗೆ ಬಂದಿತ್ತು. ಏಪ್ರಿಲ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಅದರೊಂದಿಗೆ ಕಾಯಂ ಮೇಷ್ಟ್ರಾಗುವ ನನ್ನ ಆಸೆಯೂ ರದ್ದು. ಉಳಿದಿದ್ದದ್ದು ಕೊನೆಯ ಒಂದು ಅಧ್ಯಾಯ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಅದಕ್ಕಾಗಿ ಆರಿಸಿದ್ದು ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನ ಲೈನು. ಲೈನೆಂದರೆ ಗೊತ್ತಲ್ಲ, ಕೂಲಿಕಾರರ ಒಂದೇ ಅಳತೆಯ ಮನೆಗಳು, ಗೋಡೆಗೆ ಗೋಡೆ ತಾಗಿಕೊಂಡು, ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆಸಿಕೊಂಡು ಗುಡ್ಡದ ಸೆರಗಿನಲ್ಲಿ ಸಾಲಾಗಿ ನಿಂತಿರುತ್ತವೆ. ಸಂಖ್ಯಾಶಾಸ್ತ್ರದವಳಿಗೆ ಇದಕ್ಕಿಂತ ಸ್ವರ್ಗ ಬೇಡ. ನಿಯಮ ಹೀಗಿತ್ತು: ಒಂದರಿಂದ ಐದರವರೆಗೆ ಚೀಟಿ ಬರೆದು ಒಂದನ್ನು ಎತ್ತಬೇಕು, ಬಂದ ನಂಬರಿನ ಮನೆಯಿಂದ ಶುರುಮಾಡಿ ಪ್ರತಿ ಐದನೆಯ ಮನೆಗೆ ಹೋಗಬೇಕು, ಒಂದು ಮನೆಗೆ ಒಂದು ಫಾರಂ, ಉತ್ತರ ಹೇಳುವವನು ಮನೆಯ ಯಜಮಾನ. ಇಷ್ಟ ಬಂದ ಮನೆಗೆ ನುಗ್ಗುವಂತಿಲ್ಲ, ಇಷ್ಟವಿಲ್ಲದ ಮನೆ ಬಿಡುವಂತಿಲ್ಲ. ಇದಕ್ಕೆ ಯಾದೃಚ್ಛಿಕ ಆಯ್ಕೆ ಎಂದು ಹೆಸರು. ನಾಲಗೆ ಹೊರಳಿಸಲು ಅಷ್ಟು ಸಿದ್ಧತೆ ಬೇಡುವ ಪದವನ್ನು ಯಾವ ಸಿದ್ಧತೆಯೂ ಇಲ್ಲದ ಆಯ್ಕೆಗೆ ಯಾರು ಇಟ್ಟರೋ ತಿಳಿಯದು. ನನ್ನ ಚೀಟಿಯಲ್ಲಿ ಮೂರು ಬಂತು.

ಎಸ್ಟೇಟಿನ ರೈಟರ್ ಲೋಕಪ್ಪನವರು, ಅಂದರೆ ಹಾಜರಿ ಬರೆದು ಕೆಲಸ ಹಂಚುವವರು, ಬಹಳ ಒಳ್ಳೆಯ ಮನುಷ್ಯ. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ನನ್ನ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿ, “ಇದು ಯಾತುಕ್ಕೆ ಮೇಡಂ?” ಅಂದರು. ಸುಲಭವಾಗಲಿ ಎಂದು “ನನ್ನ ಪರೀಕ್ಷೆಗೆ” ಅಂದೆ. ಯಜಮಾನರು ಭಾನುವಾರ ಸಂತೆಗೆ ಹೋಗದೆ ಮನೆಯಲ್ಲಿರಲಿ ಎಂದು ಮೂರು, ಎಂಟು, ಹದಿಮೂರು, ಹೀಗೆ ಆಯ್ಕೆಯಾದ ಮನೆಗಳ ನಂಬರನ್ನೂ, ಏನು ಕೇಳುತ್ತೇನೆಂದು ತಿಳಿದಿರಲಿ ಎಂದು ಪ್ರಶ್ನೆಗಳ ಒಂದು ಪ್ರತಿಯನ್ನೂ ಎರಡು ವಾರ ಮೊದಲೇ ಅವರ ಕೈಗೆ ಕೊಟ್ಟು ಬಂದೆ. ಮಿತ್ರರೇ, ಈಗ ತರಗತಿಯಲ್ಲಿ ಯಾವ ತಪ್ಪನ್ನು ಮಾಡಬೇಡಿ ಎಂದು ಬಾಯಿ ನೋಯುವಂತೆ ಹೇಳುತ್ತೇನೋ, ಅದನ್ನು ನಾನೇ ಅಷ್ಟು ಶ್ರದ್ಧೆಯಿಂದ ಮಾಡಿದ್ದೆ.

ನಾನು ಲೈನಿಗೆ ಹೋದ ಭಾನುವಾರ ಕಾಫಿ ಹೂವಾಗಿತ್ತು. ಒಂದು ಮಳೆ ಬಿದ್ದು ಎಂಟು ದಿನಕ್ಕೆ ಗುಡ್ಡಗಳೆಲ್ಲ ಬೆಳ್ಳಗಾಗಿ, ಆ ವಾಸನೆಗೆ ಬಸ್ಸಿನ ಕಂಡಕ್ಟರ್ ಕೂಡ ಚಿಲ್ಲರೆಗೆ ಜಗಳ ಮಾಡದೆ ಮೆತ್ತಗಾಗಿದ್ದ. ನಾನು ಚೀಲ ತುಂಬ ಫಾರಂ ತುಂಬಿಕೊಂಡು, ಮದುವೆ ಮನೆಗೆ ಹೊರಟವಳ ಹಾಗೆ ಹೆಜ್ಜೆ ಹಾಕಿದೆ. ಮೂರನೆಯ ಮನೆಯ ಯಜಮಾನರು ಬಿಳಿ ಶರ್ಟು ಹಾಕಿಕೊಂಡು ಕಾಯುತ್ತಿದ್ದರು. ಓಟು ಹಾಕುವಾಗ ಯಾರ ಮಾತು ಕೇಳ್ತೀರಿ ಎಂದೆ. ಅವರು ಎದ್ದು ನಿಂತರು. “ನನ್ನ ಮತವನ್ನು ನಾನು ಸ್ವಂತ ವಿವೇಚನೆಯಿಂದ ಚಲಾಯಿಸುತ್ತೇನೆ” ಎಂದು ಒಂದೇ ಉಸಿರಿಗೆ ಹೇಳಿ ಕೂತರು. ನನಗೆ ರೋಮಾಂಚನವಾಯಿತು.

ಅಲ್ಲಿಂದ ಹೊರಗೆ ಬಂದರೆ ಪಕ್ಕದ ನಾಲ್ಕನೇ ನಂಬರಿನ ಬಾಗಿಲಲ್ಲಿ ಸಣ್ಣಮ್ಮ ಎಂಬುವರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಐವತ್ತರ ಆಚೀಚೆ ವಯಸ್ಸು, ಹೆಸರಿಗೆ ತಕ್ಕುದಲ್ಲದ ಗಾತ್ರ, ಇಡೀ ಲೈನಿಗೆ ಕೇಳಿಸುವ ದನಿ.

“ಆ ಮನೆಗೆ ಹೋದೆ. ಈಗ ಎಂಟನೇ ಮನೆಗೆ ಹೊಂಟಿದೀಯಂತೆ. ನಮ್ಮನೆ ಏನು ಕಾಡಲ್ಲೈತಾ?”

“ಚೀಟಿಯಲ್ಲಿ ನಿಮ್ಮ ಮನೆ ಬರಲಿಲ್ಲ ಸಣ್ಣಮ್ಮ.”

“ಚೀಟಿ ಎತ್ತಿದೋರ್ಯಾರು?”

“ನಾನೇ.”

“ಮತ್ತಿನ್ನೇನು. ಒಳಿಕ್ಕೆ ಬಾ. ಕಾಫಿ ಕಾಸಿದೀನಿ.”

ನಮ್ಮ ಕಡೆ ಒಂದು ಮನೆಗೆ ಹೋಗಿ ಪಕ್ಕದ ಮನೆ ದಾಟಿ ಹೋಗುವುದೆಂದರೆ ಆ ಮನೆಯವರ ಮೇಲೆ ಏನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದೇ ಅರ್ಥ. ಈ ಸಂಗತಿಗೆ ಯಾವ ಸಂಖ್ಯಾಶಾಸ್ತ್ರದ ಪುಸ್ತಕದಲ್ಲೂ ಸೂತ್ರವಿಲ್ಲ. ಒಳಗೆ ಹೋದೆ, ಬೆಲ್ಲದ ಕಾಫಿ ಕುಡಿದೆ. ಕುಡಿದ ಮೇಲೆ, “ಅವರನ್ನ ಏನೇನೋ ಕೇಳಿ ಬರ್ಕಂಡಲ್ಲ, ನನ್ನೂ ಕೇಳು” ಎಂಬ ಹಟ. ಒಂದು ಫಾರಂ ಹೋದರೆ ಹೋಯಿತು ಎಂದು ತೆಗೆದು, “ಕೇಳ್ತೀನಿ, ಆದರೆ ಇದು ಲೆಕ್ಕಕ್ಕಿಲ್ಲ, ಪರೀಕ್ಷೆಗೆ ಬರಲ್ಲ” ಎಂದು ಮೊದಲೇ ಹೇಳಿದೆ. “ಲೆಕ್ಕಕ್ಕಿಲ್ದಿದ್ರೆ ವಾಸಿ” ಎಂದು ಸಣ್ಣಮ್ಮ ಒಲೆಯ ಮುಂದೆ ನೆಮ್ಮದಿಯಾಗಿ ಕಾಲು ಚಾಚಿದರು. ಓಟಿನ ದಿನ ಗಂಡ ಕೆಂಚಪ್ಪ ಇಂಥಾ ಗುರುತಿಗೆ ಸೀಲು ಒತ್ತು ಅನ್ನುತ್ತಾರೆ, ಹೂಂ ಅನ್ನುತ್ತೇನೆ, ಒಳಗೆ ಹೋದ ಮೇಲೆ ನನಗೆ ತೋಚಿದ್ದಕ್ಕೆ ಒತ್ತಿ ಬರುತ್ತೇನೆ ಎಂದು ದನಿ ತಗ್ಗಿಸಿ ಹೇಳಿದರು. “ಅವರಿಗೆ ಗೊತ್ತಾ?” ಎಂದೆ. “ಗೊತ್ತಾದ್ರೆ ಮನಸ್ಸಿಗೆ ಬೇಜಾರು ಮಾಡ್ಕತಾರೆ ಕಣವ್ವ. ಪಾಪ” ಅಂದರು.

ಇದೇ ಕತೆ ಉದ್ದಕ್ಕೂ. ಎಂಟನೆಯ ಮನೆಯಿಂದ ಹೊರಬಿದ್ದರೆ ಒಂಬತ್ತನೆಯ ಬಾಗಿಲಲ್ಲಿ ಒಬ್ಬರು, ಹದಿಮೂರರಿಂದ ಹೊರಬಿದ್ದರೆ ಹದಿನಾಲ್ಕರಲ್ಲಿ ಇನ್ನೊಬ್ಬರು, ಎಲ್ಲ ಕಡೆಯೂ ಕಾಫಿ, ಎಲ್ಲ ಕಡೆಯೂ ಒಂದು ಮರ್ಯಾದೆಯ ಫಾರಂ. ಲೆಕ್ಕಕ್ಕಿಲ್ಲದ್ದರಿಂದ ಯಜಮಾನರನ್ನು ಹುಡುಕುವ ತಾಪತ್ರಯವೂ ಇಲ್ಲ, ಒಲೆಯ ಮುಂದೆ ಸಿಕ್ಕ ಹೆಂಗಸರೇ ಹೇಳುತ್ತಿದ್ದರು. ಸಂಜೆಯ ಬಸ್ಸು ಹತ್ತುವಾಗ ಹೊಟ್ಟೆಯೊಳಗೆ ಕಾಫಿ ಕುಲುಕುತ್ತಿತ್ತು, ಚೀಲದಲ್ಲಿ ಎರಡು ಕಟ್ಟುಗಳಿದ್ದವು. ಅಸಲಿ ಕಟ್ಟನ್ನು ಎದೆಗೆ ಅವಚಿಕೊಂಡೆ. ಮರ್ಯಾದೆಯ ಕಟ್ಟನ್ನು ಕಾಲ ಬಳಿ ಇಟ್ಟುಕೊಂಡೆ.

ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಗೀಟು ಹಾಕತೊಡಗಿದೆ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡಗೀಟು. ಗೀಟುಗಳು ಒಂದೇ ಅಂಕಣದಲ್ಲಿ ಬೀಳತೊಡಗಿದವು: ಸ್ವಂತ ತೀರ್ಮಾನ, ಸ್ವಂತ ತೀರ್ಮಾನ, ಸ್ವಂತ ತೀರ್ಮಾನ. ಜಾತಿ ನೋಡುತ್ತೀರಾ? ಇಲ್ಲ. ಹಣ, ಹೆಂಡ? ಮುಟ್ಟುವುದಿಲ್ಲ. ಅಭ್ಯರ್ಥಿಯ ಯೋಗ್ಯತೆ? ಅದನ್ನು ಮಾತ್ರ. ಒಬ್ಬರೂ ಆಚೀಚೆ ಇಲ್ಲ. ಹಳೆಯ ಪುಸ್ತಕಗಳೆಲ್ಲ ಸುಳ್ಳು, ಕಾಫಿ ತೋಟದ ಲೈನಿನಲ್ಲಿ ಪ್ರಪಂಚದ ಆದರ್ಶ ಪ್ರಜೆಗಳು ವಾಸವಾಗಿದ್ದಾರೆ, ಅದನ್ನು ಕಂಡುಹಿಡಿದವಳು ನಾನು. ಎದ್ದು ಅಂಗಳದಲ್ಲಿ ಎರಡು ಸುತ್ತು ಓಡಾಡಿದೆ. ನನ್ನ ಹೆಸರಿನ ಒಂದು ನಿಯಮವೇ ಪಠ್ಯಪುಸ್ತಕದಲ್ಲಿ ಬರಬಹುದು, ಅದನ್ನು ಬಾಯಿಪಾಠ ಮಾಡಲಾಗದೆ ಮಕ್ಕಳು ನನ್ನನ್ನು ಬೈದುಕೊಳ್ಳಬಹುದು ಎಂದು ಯೋಚಿಸಿ ಪುಳಕಗೊಂಡೆ. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿ ಒಳಗೆ ಹೋದರು.

ಮರುದಿನವೇ ಪಟ್ಟಿಯನ್ನು ಹೊತ್ತುಕೊಂಡು ನನ್ನ ಮಾರ್ಗದರ್ಶಕರ ಮುಂದೆ ನಿಂತೆ. ಅವರು ಒಣಕಲು ಮೈಯ, ಒಣ ಮಾತಿನ ಹಿರಿಯ ಪ್ರಾಧ್ಯಾಪಕರು. ನಾನು ಲೆಕ್ಕ ಹಿಡಿದು ಬಂದಾಗ ಹುಬ್ಬೇರಿಸದೆ ಇದ್ದವರು ಅವರೊಬ್ಬರೇ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಕನ್ನಡಕ ತೆಗೆದು ಒರೆಸಿದರು.

“ಇಷ್ಟು ಒಳ್ಳೆಯ ಊರು ಇದ್ದರೆ ನಾನೂ ಅಲ್ಲೇ ಒಂದು ಮನೆ ಮಾಡುತ್ತೇನಮ್ಮ” ಅಂದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ. ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. “ನಮ್ಮ ಮನೆಯಲ್ಲಿ ಮೂರು ಜನ ಇದ್ದೇವೆ. ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಮೂರು ಅಭಿಪ್ರಾಯ ಬರುತ್ತೆ. ನಿನ್ನ ಲೈನಿನಲ್ಲಿ ಯಾರೋ ಒಬ್ಬರು ಅಡುಗೆ ಮಾಡಿ ಎಲ್ಲರಿಗೂ ಬಡಿಸಿದ್ದಾರೆ. ಹೋಗಿ ನೋಡು.”

ಬಸ್ಸಿನಲ್ಲಿ ಕೂತಾಗಲೂ ಒಳಗೆಲ್ಲೋ ಅವರೇ ತಪ್ಪಿರಬಹುದು ಎಂಬ ಸಣ್ಣ ಆಸೆ ಉಳಿದಿತ್ತು. ಎಸ್ಟೇಟಿನ ಸ್ಟೋರಿನ ಮುಂದೆ ಲೋಕಪ್ಪನವರು ನನ್ನನ್ನು ಕಂಡವರೇ ಮುಖ ಅರಳಿಸಿ ಬಂದರು.

“ಪಾಸಾದ್ರಾ ಮೇಡಂ? ನಮ್ಮೋರ್ದು ಒಂದೂ ತಪ್ಪಿಲ್ಲ ಅಲ್ವಾ?”

ಆಮೇಲೆ ಗೊತ್ತಾಯಿತು. ನಾನು ಕೊಟ್ಟುಬಂದ ಪ್ರಶ್ನೆಗಳಿಗೆ ಲೋಕಪ್ಪನವರು ಮಗಳ ಹೈಸ್ಕೂಲು ಪೌರನೀತಿ ಪುಸ್ತಕ ತಂದು ಉತ್ತರ ಹುಡುಕಿದ್ದರು. ಆಯ್ಕೆಯಾದ ನಂಬರಿನ ಯಜಮಾನರನ್ನೆಲ್ಲ ಬೆಳಗಿನ ಹಾಜರಿ ಮುಗಿದ ಮೇಲೆ ಕೂರಿಸಿಕೊಂಡು ಎರಡು ವಾರ ಪಾಠ ಹೇಳಿದ್ದರು. ‘ಚಲಾಯಿಸುತ್ತೇನೆ’ ಎಂಬಲ್ಲಿ ಎಲ್ಲರೂ ಎಡವಿದರಂತೆ, ಅದಕ್ಕೇ ಎರಡು ದಿನ ಹಿಡಿಯಿತಂತೆ. ಎಂಟನೇ ನಂಬರಿನ ಮುದುಕರಂತೂ ಮರೆತುಹೋದೀತೆಂದು ಕಳೆ ಕೀಳುವಾಗಲೂ ಹೇಳಿಕೊಳ್ಳುತ್ತಿದ್ದರಂತೆ. ಪೇಟೆಯ ಹುಡುಗಿ, ಇಷ್ಟು ದೂರ ಬಸ್ಸಿನಲ್ಲಿ ಬಂದು ಪರೀಕ್ಷೆ ಬರೆಯುತ್ತಾಳೆ, ನಮ್ಮಿಂದ ಅವಳು ಫೇಲಾಗಬಾರದು ಎಂಬುದೇ ಎಲ್ಲರ ಚಿಂತೆ.

“ಲೋಕಪ್ಪನವರೇ, ನಿಜವಾಗಲೂ ಓಟಿನ ದಿನ ಏನಾಗುತ್ತೆ?” ಎಂದು ಕೇಳಿದೆ.

“ಸಾಹುಕಾರ್ರು ಗುರುತು ಹೇಳ್ತಾರೆ, ನಾನು ಗಂಡಸ್ರಿಗೆ ಹೇಳ್ತೀನಿ, ಅವರು ಮನೇಲಿ ಹೇಳ್ತಾರೆ, ಜೀಪ್‌ನಲ್ಲಿ ಕರ್ಕಂಡು ಹೋಗ್ತೀವಿ” ಎಂದರು, ಯಾವ ಅಳುಕೂ ಇಲ್ಲದೆ. “ಎಲೆಕ್ಷನ್ ಬ್ಯಾರೆ, ಪರೀಕ್ಷೆ ಬ್ಯಾರೆ ಅಲ್ವಾ ಮೇಡಂ.”

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನನ್ನ ಜೀವಮಾನದಲ್ಲಿ ನನ್ನ ಓದಿಗಾಗಿ ಇಷ್ಟು ಜನ ಒಟ್ಟಿಗೆ ಕಷ್ಟಪಟ್ಟದ್ದಿಲ್ಲ. ಕಳೆ ಕೀಳುತ್ತ ಉತ್ತರ ಉರುಹೊಡೆದ ಆ ಮುದುಕರನ್ನು ನೆನೆದು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ನಕ್ಕೆ, ನಗುತ್ತ ನಗುತ್ತ ಅತ್ತೆ. ಗಡುವಿಗೆ ಉಳಿದದ್ದು ಒಂದು ತಿಂಗಳಿಗೂ ಕಡಿಮೆ, ಕೈಯಲ್ಲಿದ್ದದ್ದು ಒಂದು ಪೌರನೀತಿ ಪುಸ್ತಕದ ಇಷ್ಟೊಂದು ಪ್ರತಿಗಳು.

ಅಂಗಡಿಯಲ್ಲಿ ಅಪ್ಪಾಜಿಗೆ ಎಲ್ಲ ಹೇಳಿದೆ. ಅವರು ಆಗತಾನೆ ಬಂದ ಮೂಟೆಯೊಂದನ್ನು ಚುಚ್ಚುತ್ತಿದ್ದರು.

“ಮೂಟೆ ಬಾಯಲ್ಲಿ ಒಳ್ಳೆ ಕಾಳು ಇಡೋದು ಎಲ್ಲಾ ಸಲನೂ ಮೋಸ ಅಲ್ಲ ಕಣವ್ವ. ನೆಂಟ್ರು ಬಂದಾಗ ಹೊಸ ಚಾಪೆ ಹಾಸಲ್ವಾ, ಹಂಗೆ. ನೀನು ಬರ್ತೀನಿ ಅಂತ ಹೇಳಿ ಹೋದೆ, ಅವರು ಹಾಸಿದ್ರು. ಹೇಳ್ದೆ ಹೋದ ಕಡೆ ಏನು ಸಿಕ್ತು?”

ಹೇಳದೆ ಹೋದ ಕಡೆ. ನಾನು ಮನೆಗೆ ಓಡಿದೆ. ಮೂಲೆಯಲ್ಲಿ ಬಿದ್ದಿದ್ದ ಮರ್ಯಾದೆಯ ಕಟ್ಟನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ಅಬ್ಬಾ, ಏನು ಗೊಂದಲ, ಎಂಥ ಸುಂದರವಾದ ಗೊಂದಲ. ಒಬ್ಬರು ಗಂಡ ಹೇಳಿದಂತೆ, ಒಬ್ಬರು ಗಂಡ ಹೇಳಿದ್ದಕ್ಕೆ ಹಟಕ್ಕೆ ಬಿದ್ದು ಬೇರೆಗೆ, ಒಬ್ಬರು ಹೊಲಿಗೆ ಯಂತ್ರದ ಗುರುತಿಗೆ, ಏಕೆಂದರೆ ಹೊಲಿಗೆ ಯಂತ್ರ ಕೊಳ್ಳುವ ಆಸೆ. ಒಬ್ಬರು ಹೋದ ಸಲ ಸೋತವನಿಗೆ, ಅಯ್ಯೋ ಪಾಪ ಎಂದು. ಒಬ್ಬರು ಇಬ್ಬರಿಗೂ ಮಾತು ಕೊಟ್ಟಿದ್ದರಿಂದ ಇಬ್ಬರ ಗುರುತಿಗೂ ಒತ್ತಿ ಬಂದಿದ್ದರು. ಲೋಕಪ್ಪನವರ ಪಾಠ ಈ ಮನೆಗಳಿಗೆ ತಲುಪಿರಲಿಲ್ಲ, ಯಾಕೆಂದರೆ ನನ್ನ ಪಟ್ಟಿಯಲ್ಲಿ ಇವುಗಳ ನಂಬರೇ ಇರಲಿಲ್ಲ. ನಾಲ್ಕು, ಒಂಬತ್ತು, ಹದಿನಾಲ್ಕು. ಆಗ ಹೊಳೆಯಿತು ನೋಡಿ: ಅಂದು ಚೀಟಿಯಲ್ಲಿ ಮೂರರ ಬದಲು ನಾಲ್ಕು ಬಂದಿದ್ದರೆ ನಾನು ಹೋಗಬೇಕಾಗಿದ್ದದ್ದು ಸರಿಯಾಗಿ ಈ ಮನೆಗಳಿಗೇ. ಮೂರಕ್ಕೆ ಎಷ್ಟು ಹಕ್ಕಿತ್ತೋ ನಾಲ್ಕಕ್ಕೂ ಅಷ್ಟೇ ಹಕ್ಕು. ಬೆಲ್ಲದ ಕಾಫಿ ನನ್ನನ್ನು ತಪ್ಪದೆ ಪ್ರತಿ ಐದನೆಯ ಮನೆಗೇ ಕರೆದೊಯ್ದಿತ್ತು.

ಮಾರ್ಗದರ್ಶಕರು ಈ ಸಲ ಕನ್ನಡಕ ತೆಗೆಯಲಿಲ್ಲ. ಬಹಳ ಹೊತ್ತು ಓದಿ, ಮೊದಲ ಸಲ ನನ್ನೆದುರು ನಕ್ಕರು. “ಮನೆಗಳ ಆಯ್ಕೆ ಲೆಕ್ಕದ ಪ್ರಕಾರ ತಪ್ಪಿಲ್ಲ. ಯಜಮಾನರ ಬದಲು ಹೆಂಗಸರು ಹೇಳಿದ್ದೂ ಸೇರಿ ನಡೆದದ್ದನ್ನೆಲ್ಲ ಅಧ್ಯಾಯದ ಮೊದಲೇ ಬರೆದುಬಿಡು” ಎಂದರು. ನಾನು ಕಟ್ಟು ಎತ್ತಿಕೊಂಡೆ. “ಆದರೆ ಇವರೆಲ್ಲ ಬಾಯಿಬಿಟ್ಟದ್ದು ಲೆಕ್ಕಕ್ಕಿಲ್ಲ ಎಂಬ ನಿನ್ನ ಮಾತನ್ನು ನಂಬಿ. ಅವರು ಒಪ್ಪಿದರೆ ಉಪಯೋಗಿಸು. ಒಪ್ಪದಿದ್ದರೆ ಮುಟ್ಟಬೇಡ.”

ಅಂದರೆ ನನ್ನ ಇಷ್ಟು ವರ್ಷಗಳ ಓದು ಈಗ ಲೈನಿನ ಕೆಲವು ಹೆಂಗಸರ ಹೂಂ, ಉಹೂಂಗಳ ಮೇಲೆ ನಿಂತಿತು. ಮುಂದಿನ ಭಾನುವಾರ ಮನೆಮನೆಗೂ ಹೋದೆ. ಹೊಲಿಗೆ ಯಂತ್ರದವರು ಸಂತೋಷವಾಗಿ ಒಪ್ಪಿದರು. ಎರಡಕ್ಕೂ ಒತ್ತಿದವರು, ಹಾಗೆ ಮಾಡಿದರೆ ಓಟು ಕೆಡುತ್ತದೆಂದು ನನ್ನಿಂದ ತಿಳಿದು, ಮುಖ ಚಿಕ್ಕದು ಮಾಡಿಕೊಂಡು ಒಪ್ಪಿದರು. ಒಬ್ಬರು ಖಂಡಿತ ಬೇಡ ಎಂದರು. ಅವರ ಫಾರಂ ಅವರ ಕೈಗೇ ಕೊಟ್ಟೆ, ಒಲೆಗೆ ಹಾಕಿದರು. ಸಣ್ಣಮ್ಮನವರ ಮನೆಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ಬೇರೆಯವರು ಹೇಳಿದ್ದು ಮಾತು, ಸಣ್ಣಮ್ಮ ಹೇಳಿದ್ದು ಗುಟ್ಟು; ಆ ಗುಟ್ಟಿಲ್ಲದೆ ನನ್ನ ಅಧ್ಯಾಯಕ್ಕೆ ಜೀವವಿರಲಿಲ್ಲ.

ಹೋದರೆ ಜಗಲಿಯಲ್ಲಿ ಕೆಂಚಪ್ಪನವರೇ ಕೂತು ಗುದ್ದಲಿಗೆ ಹೊಸ ಕಾವು ಹೆರೆಯುತ್ತಿದ್ದರು. ಸಣ್ಣ ಮೈಯ, ಮಾತು ಕಡಿಮೆಯ ಮನುಷ್ಯ. ಸಣ್ಣಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಒಳಗೆ ಬನ್ನಿ ಸಣ್ಣಮ್ಮ, ಒಂದು ಮಾತಿತ್ತು” ಎಂದೆ.

“ಇಲ್ಲೇ ಹೇಳು. ಅವತ್ತಿನ ಓಟಿನ ಮಾತಾ?”

“ಹೂಂ. ಅವತ್ತು ಲೆಕ್ಕಕ್ಕಿಲ್ಲ ಅಂದಿದ್ದೆ. ಈಗ ಲೆಕ್ಕಕ್ಕೆ ತಗೊಳ್ಳಲಾ ಅಂತ ಕೇಳೋಕೆ ಬಂದೆ. ನೀವು ಬೇಡ ಅಂದ್ರೆ ಬೇಡ. ಹೆಸರು ಎಲ್ಲೂ ಇರಲ್ಲ.”

“ಹೆಸರಿರಲ್ವಾ?” ಸಣ್ಣಮ್ಮನ ಮುಖ ಇಳಿಯಿತು. “ಇಷ್ಟು ವರ್ಷ ಮುಚ್ಚಿಟ್ಕಂಡಿದ್ದು. ಹೇಳೋವಾಗಾದ್ರೂ ಇದು ನಂದು ಅಂತ ಇರಬ್ಯಾಡ್ವಾ?”

ಅವರು ಮೊರವನ್ನು ಪಕ್ಕಕ್ಕಿಟ್ಟರು. ನಾನು ಬೇಡ ಬೇಡ ಎಂದು ಕೈ ಆಡಿಸುವುದರೊಳಗೆ ಗಂಡನ ಕಡೆ ತಿರುಗಿ ಕೂತರು.

“ಕೇಳುಸ್ಕ. ನೀನು ಯಾವುದಕ್ಕೆ ಒತ್ತು ಅಂದ್ಯೋ, ಅದುಕ್ಕೆ ನಾನು ಒಂದು ಸಲನೂ ಒತ್ತಿಲ್ಲ.”

ಕೆಂಚಪ್ಪನವರ ಕೈಯಲ್ಲಿದ್ದ ಕತ್ತಿ ನಿಂತಿತು. ಒಂದು ಪದವಿಯ ಆಸೆಗೆ ನೆಮ್ಮದಿಯಾಗಿದ್ದ ಒಂದು ಮನೆಯನ್ನು ಮುರಿದುಬಿಟ್ಟೆನಲ್ಲಾ ಎಂದುಕೊಂಡೆ. ಎದ್ದು ಓಡಿಹೋಗಬೇಕೆನ್ನಿಸಿತು. ಅವರು ಹೆಂಡತಿಯನ್ನು ನೋಡಿದರು, ಕೈಯಲ್ಲಿದ್ದ ಕಾವನ್ನು ನೋಡಿದರು.

“ನಾನೂ ಒತ್ತಿಲ್ಲ ಕಣೆ” ಅಂದರು.

“ಯಾವುದಕ್ಕೆ?”

“ನಿಂಗೆ ಹೇಳಿದ್ದಕ್ಕೆ. ರೈಟ್ರು ನಂಗೆ ಹೇಳೋರು, ನಾನು ನಿಂಗೆ ದಾಟುಸ್ತಿದ್ದೆ. ಒಳಿಕ್ಕೆ ಹೋದ್ಮೇಲೆ ನನ್ನಿಷ್ಟ.”

“ಮತ್ತೆ ನಂಗ್ಯಾಕೆ ಹೇಳ್ದೆ?”

“ಹೇಳು ಅಂದ್ರು, ಹೇಳ್ದೆ. ನೀನು ಹೂಂ ಅಂದೆ.”

“ನೀನು ಹೇಳ್ದೆ ಅಂತ ಹೂಂ ಅಂದೆ.”

ಮೊದಲು ಅಲುಗಿದ್ದು ಕೆಂಚಪ್ಪನವರ ಹೆಗಲು. ಸದ್ದಿಲ್ಲದೆ ನಗುವ ಜಾತಿಯವರು ಅವರು, ಕಣ್ಣಲ್ಲಿ ನೀರು ಬಂದಮೇಲೆಯೇ ನಗುತ್ತಿದ್ದಾರೆಂದು ಗೊತ್ತಾದದ್ದು. ಸಣ್ಣಮ್ಮನದು ಹಾಗಲ್ಲ, ಅವರ ನಗುವಿಗೆ ಹದಿನಾಲ್ಕನೇ ನಂಬರಿನವರೂ ಬಾಗಿಲಿಗೆ ಬಂದರು. “ಒಂದೇ ಜೀಪಲ್ಲಿ ತೊಡೆಗೆ ತೊಡೆ ತಾಗುಸ್ಕಂಡು ಹೋಗಿ ಬಂದ್ವಲ್ಲ ಮಾರಾಯ” ಎಂದು ಗಂಡನ ಬೆನ್ನಿಗೆ ಗುದ್ದಿದರು. “ಹಂಗಾರೆ ನೀನು ಯಾವುದಕ್ಕೆ ಒತ್ತಿದ್ದು?”

“ಅದು ಹೇಳಲ್ಲ.”

“ನಾನೂ ಹೇಳಲ್ಲ ಹೋಗು.”

ಮಿತ್ರರೇ, ಪೌರನೀತಿ ಪುಸ್ತಕದ ಆ ವಾಕ್ಯ, ಎದ್ದು ನಿಂತು ಒಂದೇ ಉಸಿರಿಗೆ ಹೇಳಿದ ಆ ‘ಸ್ವಂತ ವಿವೇಚನೆ’, ನನ್ನ ಕಣ್ಣೆದುರಿಗೆ ಅವರೆಕಾಯಿ ಸಿಪ್ಪೆಯ ನಡುವೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಉರುಹೊಡೆದವರು ಹೇಳಿದ್ದು ಸುಳ್ಳೆಂದುಕೊಂಡಿದ್ದೆ. ಅವರಲ್ಲಿ ಎಷ್ಟು ಜನ ಉರುಹೊಡೆದೇ ನಿಜ ಹೇಳಿದ್ದರೋ ಈಗ ಯಾರು ಬಲ್ಲರು. ನಾನು ಕಣ್ಣೊರೆಸಿಕೊಂಡು, ಸಣ್ಣಮ್ಮನ ಫಾರಂ ತೆಗೆದು, ಒಪ್ಪಿಗೆ ಎಂದು ಮೂಲೆಯಲ್ಲಿ ಬರೆದೆ. ಕೆಂಚಪ್ಪನವರು ಬಗ್ಗಿ ನೋಡಿದರು.

“ಅವಳ್ದು ಆಯ್ತು. ನಂದೂ ಬರ್ಕ.”

“ಒಂದು ಮನೆಗೆ ಒಂದೇ ಫಾರಂ ಕೆಂಚಪ್ಪನವರೇ. ನಿಯಮ ಇದೆ.”

“ಓಟು ಎರಡೈತಲ್ಲವ್ವ” ಅಂದರು.

ಮುಂದೆ ಆ ಒಂದು ಮಾತಿನ ಮೇಲೆಯೇ ನನ್ನ ಅಧ್ಯಾಯ ನಿಂತಿತು, ಗಡುವಿನೊಳಗೆ ಮುಗಿಯಿತು, ಪದವಿ ಬಂತು, ಕೆಲಸವೂ ಕಾಯಂ ಆಯಿತು. ಅದೆಲ್ಲ ಆಮೇಲಿನದು. ಆ ಭಾನುವಾರ ನಾನು ಮಾಡಿದ್ದಿಷ್ಟೇ: ಚೀಲಕ್ಕೆ ಕೈಹಾಕಿ ಖಾಲಿ ಫಾರಂ ಒಂದನ್ನು ತೆಗೆದು, ಮನೆ ನಂಬರಿನ ಜಾಗದಲ್ಲಿ ಇನ್ನೊಮ್ಮೆ ನಾಲ್ಕು ಎಂದು ಬರೆದೆ. ಕೆಂಚಪ್ಪನವರು ಕೈಯನ್ನು ಪಂಚೆಗೆ ಒರೆಸಿಕೊಂಡು ನೆಟ್ಟಗೆ ಕೂತರು. ಸಣ್ಣಮ್ಮ ಯಾರೂ ಹೇಳದೆಯೇ ಮೊರ ಎತ್ತಿಕೊಂಡು ಎದ್ದರು.

“ಹೇಳು. ನಾನು ಕೇಳುಸ್ಕಳಲ್ಲ” ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.